ಜಗ್ಗಲೊಲ್ಲದ ಗಾಡಿ

ನಮ್ಮ ಸೀಮೆಯಲ್ಲಿ ಒಂದು ವಾಹನದ ಯೋಗ್ಯತೆಯನ್ನು ಅರಿಯಬಯಸುವವರು ಅದು ಓಡುತ್ತದೆಯೇ ಎಂದು ಕೇಳುವುದಿಲ್ಲ, 'ಜಗ್ಗತೈತೇನು?' ಎಂದು ಕೇಳುತ್ತಾರೆ. ಜಾತ್ರೆಯ ಬಯಲಿನಲ್ಲಿ ಕಲ್ಲು ಜಗ್ಗುವ ಎತ್ತಿಗೂ, ಕಬ್ಬು ಹೇರಿದ ಎರಡು ಟ್ರೇಲರುಗಳನ್ನು ಬೆನ್ನಿಗೆ ಕಟ್ಟಿಕೊಂಡು ಎರೆಹೊಲದಿಂದ ಡಾಂಬರಿನ ಮೇಲಕ್ಕೆ ಹತ್ತುವ ಟ್ರ್ಯಾಕ್ಟರಿಗೂ, ನಾಲ್ಕು ಜನರನ್ನು ಕೂಡಿಸಿಕೊಂಡು ಮಂಗಲಕಾರ್ಯಕ್ಕೆ ಹೊರಡುವ ಕಾರಿಗೂ ಇಲ್ಲಿ ಒಂದೇ ಕ್ರಿಯಾಪದ. ವೇಗವೆಂಬುದು ಬೆಂಗಳೂರಿನವರ ಹವ್ಯಾಸ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜನಕ್ಕೆ ಬೇಕಾದುದು ಎಳೆತ. ಎತ್ತು ಮುದಿಯಾದರೂ ಜಗ್ಗುವುದಾದರೆ ಅದಕ್ಕೆ ಮರ್ಯಾದೆಯುಂಟು. ಜಗ್ಗಲೊಲ್ಲದ ಎತ್ತಿನ ಕೋಡಿಗೆ ಹಿತ್ತಾಳೆಯ ಕೋಡಣಸು ತೊಡಿಸಿದರೂ ಕೊಳ್ಳುವವರಿಲ್ಲ. ಇಂತಹ ಕಠೋರ ನ್ಯಾಯಾಸನದ ಮುಂದೆ ನನ್ನ ಕಾರು ಕಳೆದ ಮಾರ್ಗಶಿರದಲ್ಲಿ ಅಪರಾಧಿಯಾಗಿ ನಿಂತಿತು. ಅದೂ ಬೀಗರ ಸಮಕ್ಷಮದಲ್ಲಿ.

ಬೀಗರ ಸಮಕ್ಷಮ ಎಂದರೆ ಏನೆಂಬುದನ್ನು ಗೃಹಸ್ಥರಿಗೆ ವಿವರಿಸಬೇಕಾದುದಿಲ್ಲ. ಮಗಳನ್ನು ಕೊಟ್ಟ ಮನೆಯ ಯಜಮಾನನ ಎದುರಿನಲ್ಲಿ ನಮ್ಮ ಮನೆಯ ಹಪ್ಪಳವೂ ಸುಡಬಾರದು, ನಮ್ಮ ಗೋಡೆಯ ಗಡಿಯಾರವೂ ಹಿಂದೆ ಬೀಳಬಾರದು. ನನ್ನ ಬೀಗರು ರಬಕವಿಯವರು. ನಲವತ್ತು ವರ್ಷ ಸೀರೆ ನೇಯ್ದು, ನೇಯಿಸಿ, ಮಗ್ಗಗಳ ಸದ್ದಿನಲ್ಲಿ ಎರಡು ಕಿವಿಗಳನ್ನೂ ಅರ್ಧರ್ಧ ಕಳೆದುಕೊಂಡು, ಈಗ ಹೊಟ್ಟೆತುಂಬ ವಿರಾಮವುಳ್ಳವರು. ಬೀಳಗಿಯಲ್ಲಿ ಉಭಯ ಕುಟುಂಬಗಳಿಗೂ ಬೇಕಾದವರೊಬ್ಬರ ಮನೆಯಲ್ಲಿ ನಿಶ್ಚಯಕಾರ್ಯವಿತ್ತಾಗಿ, ಅವರೂ ಬೀಗಿತಿಯವರೂ ಹಿಂದಿನ ದಿನವೇ ಜಮಖಂಡಿಗೆ ಬಂದು ನಮ್ಮ ಮನೆಯಲ್ಲಿ ವಸತಿ ಮಾಡಿದ್ದರು. ಬಸ್ಸಿಗೆ ಹೋಗೋಣವೆಂದು ಅವರೆಂದಾಗ, 'ಗಾಡಿ ಇರುವಾಗ ಬಸ್ಸೇಕೆ?' ಎಂದು ನಾನು ದೊಡ್ಡಸ್ತಿಕೆ ಮೆರೆದೆ. ಒಂಬತ್ತು ವರ್ಷದ ಆ ಡೀಸೆಲ್ ಕಾರು ಅದುವರೆಗೆ ನನ್ನ ಮಾತು ಮೀರಿದ್ದಿಲ್ಲ. ಒಂದೂಕಾಲು ಲೀಟರಿನ ಸಣ್ಣ ಎಂಜಿನ್ನೇ ಆದರೂ, ಎರಡನೆಯ ಗೇರಿನಿಂದ ಮೂರನೆಯದಕ್ಕೆ ಬರುತ್ತಲೇ ಯಾರೋ ಬೆನ್ನ ಹಿಂದೆ ಅಂಗೈಯಿಟ್ಟು ನೂಕಿದಂತೆ ಒಂದು ಹುರುಪು ಅದರಲ್ಲಿ ಮೂಡುತ್ತಿದ್ದಿತು.

ಊರು ದಾಟಿ ಮೊದಲನೆಯ ಏರು ಬಂದಾಗ ಆ ಅಂಗೈ ಬೆನ್ನಿನಿಂದ ಕಳಚಿಹೋಯಿತು. ನಾನು ಕಾಲನ್ನು ಒತ್ತಿದೆ, ಗಾಡಿ ನರಳಿತು. ಇನ್ನಷ್ಟು ಒತ್ತಿದೆ, ನರಳಿಕೆ ಮಾತ್ರ ಹೆಚ್ಚಿತು. ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಮುಳ್ಳು ಎರಡು ಸಾವಿರದ ಬಳಿ ಸತ್ಯಾಗ್ರಹಕ್ಕೆ ಕುಳಿತಂತೆ ಕುಳಿತುಬಿಟ್ಟಿತು. ಕನ್ನಡಿಯಲ್ಲಿ ನೋಡಿದರೆ ನಾವು ಬಂದ ದಾರಿಯ ಮೇಲೆ ಕಾಡಿಗೆಯಂತಹ ಹೊಗೆ. ಅಷ್ಟರಲ್ಲಿ ಹಿಂದಿನಿಂದ ಗಗನಭೇದಿಯಾದ ಜಾನಪದ ಗೀತೆಯೊಂದು ಸಮೀಪಿಸಿ, ಬಳಿಗೆ ಬಂದು, ಪಕ್ಕದಲ್ಲಿಯೇ ಸಾಗಿ, ಮುಂದಕ್ಕೆ ಹೋಯಿತು. ಅದನ್ನು ಹೊತ್ತಿದ್ದದ್ದು ಕಾರ್ಖಾನೆಯಲ್ಲಿ ಕಬ್ಬಿಳಿಸಿ ಹಿಂದಿರುಗುತ್ತಿದ್ದ ಜೋಡಿ ಟ್ರೇಲರಿನ ಟ್ರ್ಯಾಕ್ಟರು. ಅದು ಬರಿದಾಗಿತ್ತೆಂಬುದನ್ನು ಕೇವಲ ನನ್ನ ಸಮಾಧಾನಕ್ಕಾಗಿ ಇಲ್ಲಿ ನಮೂದಿಸುತ್ತಿದ್ದೇನೆ. ಹಿಂದಿನ ಟ್ರೇಲರಿನಲ್ಲಿ ಉಳಿದಿದ್ದ ಕಬ್ಬಿನ ಗಣಿಕೆಯೊಂದು ಜಾರಿ, ಬಹುಮಾನದಂತೆ ನನ್ನ ಬಾನೆಟ್ಟಿನ ಮೇಲೆ ಬಿದ್ದಿತು.

"ಬೀಗರ, ಗಾಡಿ ದಣದೈತೇನ್ರೀ?" ಎಂದರು ಹಿಂದಿನಿಂದ. ದನಿಯಲ್ಲಿ ಕುಹಕ ಲೇಶವಾದರೂ ಇರಲಿಲ್ಲ. ಅದೇ ಹೆಚ್ಚು ನೋಯಿಸಿತು. ಸ್ವಲ್ಪ ಹೊತ್ತಿನ ಮೇಲೆ, "ಹಲ್ಲಿನ ಸಂದ್ಯಾಗಿಂದ ಉಸರ ಬಿಟ್ಟಂಗ ಏನೋ ಸುಸ್ಸ್ ಅಂತೈತಿ ನೋಡ್ರಿ," ಎಂದೂ ಹೇಳಿದರು. ಮಗ್ಗದವರ ಕಿವಿ, ಏನನ್ನು ಕೇಳುವುದೋ ಏನನ್ನು ಬಿಡುವುದೋ ಎಂದುಕೊಂಡು ನಾನು ಆ ಮಾತನ್ನು ಗಣಿಸಲಿಲ್ಲ. ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಎಲ್ಲರೂ ಆ ಗಣಿಕೆಯನ್ನೇ ಸಿಗಿದು ತಿಂದು, ಮತ್ತೆ ಚಾಲೂ ಮಾಡಿದರೆ, ಏನಾಶ್ಚರ್ಯ! ಗಾಡಿ ಹಿಂದಿನಂತೆಯೇ ಜಗ್ಗಿತು. ಮುಂದಿನ ಏರಿನಲ್ಲಿ ಮತ್ತೆ ಕೈಬಿಟ್ಟಿತು. ಹೀಗೆ ನಿಲ್ಲುತ್ತ, ಆರಿಸುತ್ತ, ಹೊತ್ತಿಸುತ್ತ, ಅರೆತ್ತಿನ ಬಾವಿಯಿರುವ ಬೀಳಗಿಯನ್ನು ನಾನು ಅಕ್ಷರಶಃ ಅರೆ ಎತ್ತಿನ ಬಲದಿಂದ ಮುಟ್ಟಿದೆ. ನಿಶ್ಚಯದ ಊಟ ಮುಗಿದು ಎಲೆಯಡಿಕೆಯ ಹೊತ್ತಾಗಿತ್ತು.

ಮರುದಿನದಿಂದ ಉಪದೇಶಗಳು ಆರಂಭವಾದುವು. ಕಾಯಿಲೆಯಾದ ಮನುಷ್ಯನಿಗೆ ಊರಿನಲ್ಲಿ ಹತ್ತು ವೈದ್ಯರಿದ್ದರೆ, ಜಗ್ಗದ ಗಾಡಿಗೆ ನೂರು ಮಂದಿ. ಡೀಸೆಲ್ಲಿನಲ್ಲಿ ಸೀಮೆಎಣ್ಣೆ ಬೆರೆತಿದೆಯೆಂದು ಚಹದಂಗಡಿಯವನು. ಕ್ಲಚ್ಚು ಜಾರುತ್ತಿದೆಯೆಂದು ಅಂಚೆಯವನು. ಗಾಳಿ ಸೋಸುವ ಫಿಲ್ಟರನ್ನು ತೆಗೆದು ನೋಡಿದರೆ, ಹಂಗಾಮಿನ ರಸ್ತೆಯ ಅರ್ಧ ಬೊಗಸೆ ಧೂಳು ಅದರಲ್ಲಿತ್ತು. ಸಿಕ್ಕಿತು ಎಂದು ಹಿಗ್ಗಿ ಅದನ್ನೂ ಡೀಸೆಲ್ ಫಿಲ್ಟರನ್ನೂ ಹೊಸದಾಗಿ ಹಾಕಿಸಿದೆ. ಹೊಗೆ ಎಳ್ಳಷ್ಟು ಕಡಮೆಯಾಯಿತು, ಎಳೆತ ಬರಲಿಲ್ಲ. ಕಡೆಗೆ, ದೊಡ್ಡ ಊರೊಂದರ ದೊಡ್ಡ ಕಾರ್ಯಾಗಾರಕ್ಕೆ ಒಯ್ದೆ. ಅಲ್ಲಿಯ ತರುಣನು ಸ್ಟೇರಿಂಗಿನ ಕೆಳಗೆ ಎಲ್ಲಿಯೋ ಒಂದು ತಂತಿಯನ್ನು ಸಿಕ್ಕಿಸಿ, ಕೈಯಲ್ಲಿನ ಯಂತ್ರದ ಮೇಲೆ ಮೂಡಿದ 'ಪಿ 0299' ಎಂಬ ಸಂಕೇತವನ್ನು ನನಗೆ ತೋರಿಸಿದನು. ಟರ್ಬೊ ಒದಗಿಸಬೇಕಾದ ಗಾಳಿಯ ಒತ್ತಡ ಇರಬೇಕಾದುದಕ್ಕಿಂತ ಕಡಮೆಯಿದೆಯೆಂದು ಅದರ ಅರ್ಥವಂತೆ. ಆದುದರಿಂದ ಟರ್ಬೊ ಬದಲಿಸತಕ್ಕದ್ದು. ಖರ್ಚು ಅರ್ಧ ಲಕ್ಷದ ಸುಮಾರು. ಕೊಳದ ನೀರಿನೊಳಗೆ ಅಡಗಿದ್ದೂ ಕೌರವನಿಗೆ ಬೆವರೊಡೆಯಿತೆಂದು ಮುಧೋಳದ ರನ್ನನು ಚಿತ್ರಿಸಿದ್ದನ್ನು ನಾನು ತರಗತಿಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದ್ದೆ. ಅದು ಅತಿಶಯೋಕ್ತಿಯಲ್ಲವೆಂಬುದು ಆ ಹವಾನಿಯಂತ್ರಿತ ಕೊಠಡಿಯಲ್ಲಿ ನನಗೆ ಮನದಟ್ಟಾಯಿತು.

ಆ ತರುಣನು ಸುಳ್ಳು ಹೇಳಿದನೆಂದು ನಾನು ಹೇಳಲಾರೆ. ಸಂಕೇತ ನಿಜವೇ ಆಗಿತ್ತು. ಆದರೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಂದಿಲ್ಲವೆಂದು ತಲಾಟಿ ಬರೆದ ಪಂಚನಾಮೆಯಲ್ಲಿ, ಒಡ್ಡು ಎಲ್ಲಿ ಒಡೆದಿದೆ ಎಂಬುದು ಇರುವುದಿಲ್ಲ. ಅದನ್ನು ಓದಿ, ಅಣೆಕಟ್ಟನ್ನೇ ಹೊಸದಾಗಿ ಕಟ್ಟಿಸಬೇಕೆಂದು ಯಾರಾದರೂ ತೀರ್ಮಾನಿಸಿದರೆ ಅವರನ್ನು ಏನೆನ್ನಬೇಕು? ಈ ವಿವೇಕವೆಲ್ಲ ನನಗೆ ಆಮೇಲೆ ಬಂದದ್ದು. ಅಂದು ನಾನು ಒಲ್ಲೆನೆಂದು ಹಿಂದಿರುಗಿದುದಕ್ಕೆ ಕಾರಣ ವಿವೇಕವಲ್ಲ, ಪಿಂಚಣಿ.

ಮುಧೋಳದಲ್ಲಿ ಡೀಸೆಲ್ ಕೆಲಸದ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆಂದು ಹೇಳಿದವರು ಬೀಗರೇ, ನನ್ನೊಡನೆ ಅಲ್ಲಿಗೆ ಬಂದವರೂ ಅವರೇ. ಗುಜರಿ ಸಾಮಾನುಗಳ ನಡುವೆ ತಗಡಿನ ಚಪ್ಪರ, ಬೇವಿನ ಮರ, ಮರಕ್ಕೆ ಕಟ್ಟಿದ ಒಂದು ಮುಧೋಳ ನಾಯಿ. ಮೇಸ್ತ್ರಿಯ ಅಜ್ಜನದು ಕುಲುಮೆಯ ಕಾಯಕ. ಇವರು ಹುಡುಗತನದಲ್ಲಿ ಹೊಳೆದಂಡೆಯ ಪಂಪ್‌ಸೆಟ್ಟುಗಳನ್ನು ಬಿಚ್ಚಿ ಕೂಡಿಸುತ್ತ ಕೆಲಸ ಕಲಿತವರು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ನಮ್ಮ ರೈತರು ತಾವೇ ಹಣ ಕೂಡಿಸಿ, ತಾವೇ ಮಣ್ಣು ಹೊತ್ತು, ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿ ನಿಲ್ಲಿಸಿದ ಮೇಲೆ ಪಂಪುಗಳ ಕೆಲಸ ಎಷ್ಟು ಬಂದಿತೆಂದರೆ, ತಾವು ಮನೆಯಲ್ಲಿ ಮಲಗಿದುದೇ ನೆನಪಿಲ್ಲವೆಂದು ಅವರೆಂದರು. ಅವರ ಗೋಡೆಯ ಮೇಲೆ ಪಂಪ್‌ಸೆಟ್ಟಿನ ಹಳೆಯ ತಗಡಿನ ಜಾಹೀರಾತೊಂದು ಇನ್ನೂ ತೂಗುತ್ತಿತ್ತು. ನೋಡಿ ನನಗೂ ಒಂದು ವಿಷಯ ನೆನಪಾಯಿತು. ಕಬ್ಬಿಣದ ನೇಗಿಲಿನಿಂದ ಮೊದಲಾಗಿ ಪಂಪು, ಎಂಜಿನ್ನುಗಳವರೆಗೆ ರೈತನ ಮನೆಗೆ ಯಂತ್ರವನ್ನು ತಂದ ಉದ್ಯಮಕ್ಕೆ ಬುನಾದಿಯಿಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ದೂರದ ಯಾವ ಪಟ್ಟಣದಲ್ಲಿಯೂ ಅಲ್ಲ, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಇದನ್ನು ನಾನು ಹೇಳಿದಾಗ ಮೇಸ್ತ್ರಿ, "ಹೌದೇನ್ರಿ?" ಎಂದು ಒಂದು ಕ್ಷಣ ಪಾನಾ ಕೆಳಗಿಟ್ಟರು.

ಅವರು ಬಾನೆಟ್ಟನ್ನು ತೆರೆಯುವ ಮುನ್ನ ನನ್ನನ್ನು ತೆರೆದರು. ಹೊಗೆಯ ಬಣ್ಣ ಕಪ್ಪೋ, ನೀಲಿಯೋ, ಬಿಳಿಯೋ? ಎಂಜಿನ್ ಆಯಿಲ್ ಕಡಮೆಯಾಗುತ್ತಿದೆಯೋ? ಆರಿಸಿ ಹೊತ್ತಿಸಿದ ಮೇಲೆ ಬಲ ಮರಳುವುದೋ? ಮರಳಿದರೆ ಸಪಾಟಿನಲ್ಲಿ ಎಷ್ಟು ಹೊತ್ತು, ಏರಿನಲ್ಲಿ ಎಷ್ಟು ಹೊತ್ತು? ಕಪ್ಪು, ಇಲ್ಲ, ಮರಳುವುದು, ಏರು ಬರುವವರೆಗೆ, ಎಂದು ನಾನು ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯಂತೆ ಉತ್ತರಿಸಿದೆ. "ಟರ್ಬೊ ಕೆಟ್ಟಿದ್ರ ನೀಲಿ ಹೊಗಿ ಬರಬೇಕಿತ್ತು, ಎಣ್ಣಿ ಕುಡೀಬೇಕಿತ್ತು. ನೋಡೂಣ್ರಿ ಮಾಸ್ತರ. ಟರ್ಬೊ ಅಂದ್ರೇನು, ನಮ್ಮಜ್ಜನ ತಿದಿ ಇದ್ದಂಗ. ತಿದಿ ಹರದೈತೋ, ಕೊಳವಿ ಹರದೈತೋ, ತಿದಿ ಒತ್ತಾವ ನಿದ್ದಿ ಮಾಡ್ಯಾನೋ, ಮೂರೂ ಬ್ಯಾರೆ ಬ್ಯಾರೆ."

ತಿದಿ! ಇಷ್ಟು ದಿನ ಆ ಯಂತ್ರದ ಹೆಸರನ್ನು ಕೇಳಿ ಕೇಳಿ ನನಗೆ ಹುಟ್ಟದಿದ್ದ ಜ್ಞಾನ ಈ ಎರಡಕ್ಷರದಿಂದ ಹುಟ್ಟಿತು. ಬೆಂಕಿಗೆ ಬೇಕಾದುದು ಉರುವಲಿಗಿಂತ ಹೆಚ್ಚಾಗಿ ಗಾಳಿ. ಒಂದು ಲೀಟರು ಡೀಸೆಲ್ಲನ್ನು ಪೂರ್ಣವಾಗಿ ದಹಿಸಲು ಕನಿಷ್ಠ ಪಕ್ಷ 12 ಕಿಲೋ ಗಾಳಿ ಬೇಕು. ಅಳತೆಯಲ್ಲಿ ಅದು 10,000 ಲೀಟರಿನಷ್ಟಾಗುತ್ತದೆ. ಸಣ್ಣ ಎಂಜಿನ್ನು ತನ್ನ ಸಣ್ಣ ಎದೆಯಿಂದ ಎಷ್ಟನ್ನು ಎಳೆದುಕೊಂಡೀತು? ಬೇವಿನ ಕೆಳಗೆ ಮಲಗಿದ್ದ ಆ ನಾಯಿಯನ್ನೇ ನೋಡಿರಿ: ಸೊಂಟ ಹಿಡಿಯಷ್ಟು, ಕಾಲು ಕಡ್ಡಿಯಷ್ಟು, ಆದರೆ ಎದೆ ಮಾತ್ರ ದೋಣಿಯಂತೆ ಆಳ. ಮೊಲದ ಬೆನ್ನು ಹತ್ತುವ ಅದರ ಓಟವೆಲ್ಲ ಆ ಎದೆಯ ಆಳದಲ್ಲಿದೆ. ಎಂಜಿನ್ನಿನ ಎದೆಯನ್ನು ಹಿಗ್ಗಿಸದೆ ಉಸಿರನ್ನು ಮಾತ್ರ ಹೆಚ್ಚಿಸುವ ಉಪಾಯವನ್ನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರನು 1905ರಲ್ಲಿ ಪೇಟೆಂಟು ಮಾಡಿಸಿದನು. ಹೊಗೆಯ ಕೊಳವೆಯಲ್ಲಿ ವ್ಯರ್ಥವಾಗಿ ಹೊರಬೀಳುವ ಬಿಸಿ ಅನಿಲದ ದಾರಿಗೆ ಒಂದು ಗಾಲಿಯನ್ನಿಟ್ಟು, ಅದೇ ಅಚ್ಚಿನ ಇನ್ನೊಂದು ತುದಿಯ ಗಾಲಿಯಿಂದ ಹೊರಗಿನ ಗಾಳಿಯನ್ನು ಒತ್ತಿ ಒಳಕ್ಕೆ ತುಂಬುವುದು. ಎಂದರೆ ಕುಲುಮೆಯ ಬೆಂಕಿಯೇ ತನ್ನ ತಿದಿಯನ್ನು ತಾನು ಒತ್ತಿಕೊಳ್ಳುವುದು. ಬಿಟ್ಟ ಉಸಿರಿನ ಬಲದಿಂದಲೇ ಮುಂದಿನ ಉಸಿರನ್ನು ಎಳೆದುಕೊಳ್ಳುವ ಇಂಥ ಪ್ರಾಣಾಯಾಮ ನಮ್ಮ ಯೋಗಿಗಳಿಗೂ ಹೊಳೆದಂತೆ ಕಾಣುವುದಿಲ್ಲ. ಈ ಯುಕ್ತಿ ಹಡಗುಗಳಲ್ಲಿಯೂ ಲಾರಿಗಳಲ್ಲಿಯೂ ಬಹುಕಾಲ ದುಡಿದು, ಡೀಸೆಲ್ ಕಾರಿಗೆ ಬಂದುದು 1978ರಲ್ಲಿ, ಜರ್ಮನಿಯ ಮರ್ಸಿಡಿಸ್ ಕಾರೊಂದರಲ್ಲಿ. ಬೀಗರ ಮಗ್ಗದ ಲಾಳಿ ನಿಮಿಷಕ್ಕೆ ನೂರು, ನೂರೈವತ್ತು ಸಾರಿ ಅತ್ತಿಂದಿತ್ತ ಹಾಯುವುದನ್ನು ನೋಡಿಯೇ ನನಗೆ ಕಣ್ಣು ಕತ್ತಲಿಡುತ್ತದೆ. ಅಂಗೈಯಲ್ಲಿ ಅಡಗುವ ಈ ಗಾಲಿ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ತಿರುಗುತ್ತದೆ, ಎರಡು ಲಕ್ಷದ ಹತ್ತಿರಕ್ಕೂ ಹೋಗುತ್ತದೆ.

ಮೇಸ್ತ್ರಿ ಮೊದಲು ನೋಡಿದುದು ತಿದಿ ಒತ್ತುವವನನ್ನು. ಟರ್ಬೊದ ಪಕ್ಕದಲ್ಲಿ ಒಂದು ತಗಡಿನ ಡಬ್ಬಿ, ಅದರಿಂದ ಹೊರಟ ಒಂದು ಕಡ್ಡಿ. ಡಬ್ಬಿಯ ಗಾಳಿಯನ್ನು ಎಳೆದುಕೊಂಡಂತೆ ಕಡ್ಡಿ ಸರಿದು, ಒಳಗಿನ ರೆಕ್ಕೆಗಳನ್ನು ಓರೆಮಾಡಿ, ಒತ್ತಡವನ್ನು ಹೆಚ್ಚುಕಡಮೆ ಮಾಡತಕ್ಕದ್ದು. ಅದರ ಸಣ್ಣ ನಳಿಗೆಯನ್ನು ಕಿತ್ತು, ಧೋತರದ ಚುಂಗಿನಿಂದ ಒರೆಸಿ, ಬಾಯಲ್ಲಿಟ್ಟು ಎಳೆದು, ನಾಲಗೆಯ ತುದಿಯಿಂದ ಮುಚ್ಚಿ ಹಿಡಿದರು. ಕಡ್ಡಿ ಸರಿಯಿತು, ಸರಿದದ್ದು ಹಾಗೆಯೇ ನಿಂತಿತು. "ಇಂವ ಎಚ್ಚರದಾಗ ಅದಾನ." ಬಳಿಕ ಟರ್ಬೊದ ಬಾಯಿಗೆ ಬರುವ ದೊಡ್ಡ ನಳಿಗೆಯನ್ನು ಬಿಚ್ಚಿ, ಎರಡು ಬೆರಳನ್ನು ಒಳಗಿಟ್ಟು ಗಾಲಿಯನ್ನು ತಿರುಗಿಸಿದರು, ಹಿಂದಕ್ಕೂ ಮುಂದಕ್ಕೂ ಎಳೆದರು, ಮೇಲಕ್ಕೂ ಕೆಳಕ್ಕೂ ಅಲುಗಿಸಿದರು. ಮೇಲೆ ಕೆಳಗೆ ಕೂದಲೆಳೆಯಷ್ಟು ಅಲುಗಿತು. ನನ್ನ ಎದೆಯೂ ಅಲುಗಿತು. ಅಷ್ಟಿರಲೇಬೇಕಂತೆ, ಆ ಅಚ್ಚು ನಿಲ್ಲುವುದು ಎಣ್ಣೆಯ ತೆಳುಪದರದ ಮೇಲೆ, ಎಣ್ಣೆ ಹೊಕ್ಕಾಗ ಆ ಸಂದು ತುಂಬಿಕೊಳ್ಳುತ್ತದಂತೆ. ಹಿಂದೆ ಮುಂದೆ ಸರಿದರೆ, ಇಲ್ಲವೆ ಗಾಲಿಯ ಅಂಚು ಗೋಡೆಗೆ ತಾಗಿದರೆ ಮಾತ್ರ ಅಪಾಯ. ಎರಡೂ ಇರಲಿಲ್ಲ. ಅರ್ಧ ಲಕ್ಷ ರೂಪಾಯಿ ಆ ಎರಡು ಬೆರಳಿನ ತುದಿಯಲ್ಲಿ ಉಳಿಯಿತು.

ಉಳಿದದ್ದು ಕೊಳವೆ. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ತೆಳ್ಳಗಾಗುತ್ತದೆ. ಅದಕ್ಕಾಗಿ ಟರ್ಬೊದಿಂದ ಹೊರಟ ಗಾಳಿಯನ್ನು ಮುಂಭಾಗದ ಇಂಟರ್‌ಕೂಲರಿನಲ್ಲಿ ತಣಿಸಿ, ಮತ್ತೊಂದು ರಬ್ಬರಿನ ಕೊಳವೆಯ ಮೂಲಕ ಎಂಜಿನ್ನಿಗೆ ಮುಟ್ಟಿಸುತ್ತಾರೆ. ಆ ಕೊಳವೆಯನ್ನು ದೊಡ್ಡ ಊರಿನ ತರುಣನೂ ನೋಡಿದ್ದನು, ಮೇಲಿನಿಂದ ನೋಡಿದ್ದನು. ಮೇಲೆ ಅದು ಹೊಸ ಚಪ್ಪಲಿಯಂತೆ ಹೊಳೆಯುತ್ತಿತ್ತು. ಮೇಸ್ತ್ರಿ ನೋಡಲೇ ಇಲ್ಲ. ಮುಖವನ್ನು ಬೇವಿನ ಕಡೆ ತಿರುಗಿಸಿ, ಕುರುಡರು ಓದುವಂತೆ, ಕೈಯನ್ನು ಅದರ ಕೆಳಮೈಯ ಉದ್ದಕ್ಕೂ ಎಳೆದುಕೊಂಡು ಹೋಗಿ, ಒಂದು ಕಡೆ ನಿಲ್ಲಿಸಿ, ಬೆರಳನ್ನು ಹೊರತೆಗೆದು ನನಗೆ ತೋರಿಸಿದರು. ಅದರ ಮೇಲೆ ಕರಿಯ ಅಂಟು ಕೆಸರು. "ನಿಮ್ಮ ಕಬ್ಬಿನ ಹಾದ್ಯಾಗಿನ ಧೂಳ್ರಿ ಇದು. ಒಣಾ ಪೈಪಿಗೆ ಧೂಳ ಹತ್ತೂದಿಲ್ಲ. ಎಣ್ಣಿ ಜಿನಗಿದಲ್ಲೆ ಹತ್ತತೈತಿ." ಎಂಜಿನ್ನಿನ ಉಸಿರಿನ ಜೊತೆಗೆ ಯತ್ಕಿಂಚಿತ್ ಎಣ್ಣೆಯ ಹನಿಯೂ ಆ ದಾರಿಯಲ್ಲಿ ಹಾಯುವುದು ಸಹಜ, ಅದು ಹೊರಗೆ ಒಸರಿದೆಯೆಂದರೆ ಗಾಳಿಯೂ ಅಲ್ಲಿಯೇ ಸೋರಿದೆ ಎಂದರ್ಥ. ನನ್ನ ಫಿಲ್ಟರನ್ನು ಕಟ್ಟಿಸಿದ ಅದೇ ಧೂಳು, ಕಳ್ಳನ ಹೆಜ್ಜೆಯ ಗುರುತನ್ನೂ ಹಿಡಿದಿಟ್ಟಿತ್ತು.

ಆದರೂ ಸೀಳು ಕಣ್ಣಿಗೆ ಬೀಳಲೊಲ್ಲದು. ಮೇಸ್ತ್ರಿ ಪಕ್ಕದ ಪಂಕ್ಚರಿನ ಅಂಗಡಿಯಿಂದ ಗಾಳಿಯ ಪೈಪನ್ನು ಎಳೆತಂದು, ಕೊಳವೆಯ ಒಂದು ಬಾಯಿಗೆ ಬಿರಡೆ ಜಡಿದು, ಇನ್ನೊಂದರಿಂದ ಹತ್ತು ಹನ್ನೆರಡು ಪೌಂಡಿನಷ್ಟು ಗಾಳಿ ಬಿಡಿಸಿ, ಸೋಪಿನ ನೀರನ್ನು ಸುರಿದರು. ಆಗ ಆ ನಯವಾದ ರಬ್ಬರಿನ ತಳದಲ್ಲಿ ಬೆರಳುದ್ದದ ತುಟಿಯೊಂದು ಮೆಲ್ಲನೆ ತೆರೆದು, ಹಾಲುಗಲ್ಲದ ಕೂಸಿನಂತೆ ಬುರುಬುರು ನೊರೆಗುಳ್ಳೆಗಳನ್ನು ಬಿಟ್ಟಿತು. ಗಾಳಿ ನಿಲ್ಲಿಸಿದರೆ ತುಟಿ ಮುಚ್ಚಿ ಮೌನ. ನಿಂತ ಗಾಡಿಯಲ್ಲಿ ಎಷ್ಟು ಹುಡುಕಿದರೂ ಅದು ಸಿಗದುದಕ್ಕೆ ಕಾರಣ ಇದೇ: ಸಪಾಟಿನಲ್ಲಿ ಒತ್ತಡವಿಲ್ಲ, ಸೀಳೂ ಇಲ್ಲ, ಏರಿನಲ್ಲಿ ಒತ್ತಡ ಹುಟ್ಟಿದೊಡನೆ ಬಾಯಿ ತೆರೆಯುತ್ತದೆ. ಒಳಕ್ಕೆ ಹೊಕ್ಕಾಗ ಅಳೆದು ಜಮಾ ಬರೆದ ಗಾಳಿ ನಡುದಾರಿಯಲ್ಲಿ ಚೆಲ್ಲಿಹೋಗಿರುತ್ತದೆ; ಹೊಲದಲ್ಲಿ ಹೇರಿದ ಕಬ್ಬಿಗೂ ಕಾರ್ಖಾನೆಯ ಕಾಟಾದ ಮೇಲೆ ತೂಗಿದ ಕಬ್ಬಿಗೂ ಇರುವ ಅಂತರದಂತೆ. ಡೀಸೆಲ್ ಮಾತ್ರ ಜಮಾದ ಲೆಕ್ಕದಲ್ಲಿಯೇ ಸುರಿಯುತ್ತದೆ. ಉಸಿರು ಸಾಲದೆ ಅರೆಬೆಂದದ್ದು ಕಪ್ಪು ಹೊಗೆಯಾಗುತ್ತದೆ. ಕೊನೆಯಲ್ಲಿ ಒತ್ತಡ ನೋಡುವ ಸೆನ್ಸರು ಈ ಮೋಸವನ್ನು ಕಂಡು ವರದಿ ಮಾಡಲು, ಗಾಡಿಯ ಮೆದುಳು ಎಂಜಿನ್ನಿಗೆ ಅಪಾಯವಾಗದಿರಲೆಂದು ಅದರ ಊಟವನ್ನೇ ಕಡಿತ ಮಾಡಿ, ಮುಳ್ಳನ್ನು ಎರಡು ಸಾವಿರದಲ್ಲಿ ಕಟ್ಟಿಹಾಕುತ್ತದೆ. ಆರಿಸಿ ಹೊತ್ತಿಸಿದರೆ ಹಳೆಯ ಸಿಟ್ಟನ್ನು ಮರೆತು ಮತ್ತೊಂದು ಅವಕಾಶ ಕೊಡುತ್ತದೆ. ಇಷ್ಟು ಕ್ಷಮಾಗುಣ ನಮ್ಮ ಮನೆಯವರಲ್ಲಿಯೂ ಇಲ್ಲ.

ಬೀಗರು ನೊರೆಯನ್ನೂ ನನ್ನನ್ನೂ ನೋಡಿ ನಕ್ಕರು. "ಸುಸ್ಸ್ ಅಂತೈತಿ ಅಂದಿದ್ನಲ್ರಿ." ನೂರು ಮಗ್ಗಗಳು ಬಡಿಯುತ್ತಿರುವಾಗ, ಎಲ್ಲಿಯೋ ಒಂದು ಮೂಲೆಯಲ್ಲಿ ಎಳೆ ಹರಿದು ಲಯ ತಪ್ಪಿದ ಒಂದು ಮಗ್ಗವನ್ನು ಗುರುತಿಸಿ ಎದ್ದುಹೋಗುವುದೇ ನಲವತ್ತು ವರ್ಷ ಆ ಕಿವಿಯ ಕೆಲಸವಾಗಿತ್ತೆಂಬುದು ನನಗೆ ಹೊಳೆಯಬೇಕಾಗಿತ್ತು. ಮನುಷ್ಯರ ಮಾತು ಮಾತ್ರ ಅವರಿಗೆ ಸರಿಯಾಗಿ ಕೇಳಿಸುವುದಿಲ್ಲ. ಅದರಿಂದ ಅವರಿಗೆ ಹೆಚ್ಚಿನ ನಷ್ಟವಾದಂತೆಯೂ ಕಾಣೆ.

ಹೊಸ ಕೊಳವೆ ಮುಧೋಳದಲ್ಲಿ ದೊರೆಯಲಿಲ್ಲ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಪಾರ್ಸೆಲ್ ಬರುವುದಕ್ಕೆ ಒಂದು ದಿನವಾದರೂ ಬೇಕು. ಅಲ್ಲಿಯವರೆಗೆ ಸೀಳಿನ ಮೇಲೆ ಸೈಕಲ್ ಟ್ಯೂಬನ್ನು ಬಿಗಿಯಾಗಿ ಸುತ್ತಿ ಎರಡು ಕ್ಲಿಪ್ಪು ಜಡಿದು ಕಳಿಸುವೆನೆಂದರು ಮೇಸ್ತ್ರಿ. ಅದರ ಮೇಲೊಂದು ಸುತ್ತು ಹಾಸಿನ ನೂಲನ್ನೂ ಬಿಗಿಯೋಣವೆಂದು ಬೀಗರು ಸಲಹೆಯಿತ್ತರು. ಎರಡೂ ಆಯಿತು. ಜಮಖಂಡಿಗೆ ಮರಳುವ ಅರ್ಧದಾರಿಯವರೆಗೆ ಗಾಡಿ ಕುದುರೆಯಾಯಿತು. ಅನಂತರ ಟ್ಯೂಬು, ನೂಲು ಎಲ್ಲವೂ ಒಮ್ಮೆಲೇ 'ಢಬ್' ಎಂದು ಬಿಚ್ಚಿಕೊಂಡು ಮತ್ತೆ ಎತ್ತಾಯಿತು. ಮರುದಿನ ಎರಡು ಸಾವಿರದ ಚಿಲ್ಲರೆಗೆ ಬಂದ ಕೊಳವೆಯನ್ನು ತೊಡಿಸುವಾಗ ಮೇಸ್ತ್ರಿ ಮತ್ತೊಂದನ್ನು ತೋರಿಸಿದರು: ಕೆಳಗಿನ ಕಬ್ಬಿಣದ ಪಟ್ಟಿಯ ಮೇಲಿರಬೇಕಾದ ರಬ್ಬರಿನ ಗುಂಡಿಯೊಂದು ಎಂದೋ ಉದುರಿಹೋಗಿ, ಆ ಪಟ್ಟಿಯ ಅಂಚು ಎಂಜಿನ್ನಿನ ನಡುಕಕ್ಕೆ ಗರಗಸದಂತೆ ಕೊಳವೆಯನ್ನು ತೇಯುತ್ತಿದ್ದಿತು. ಅದಕ್ಕೊಂದು ರಬ್ಬರಿನ ತುಂಡು ಕಟ್ಟಿದರು. ಸೆನ್ಸರಿಗೆ ಮೆತ್ತಿದ ಮಸಿಯನ್ನು ತೊಳೆದರು. ತಮ್ಮ ಕೂಲಿಯೆಂದು ಐದುನೂರು ತೆಗೆದುಕೊಂಡು, ಅದರಲ್ಲಿ ಇಪ್ಪತ್ತನ್ನು ಪಂಕ್ಚರಿನ ಹುಡುಗನಿಗೆ ಕೊಟ್ಟರು.

ಆ ಸಂಜೆ ಪರೀಕ್ಷಾರ್ಥವಾಗಿ ರಾಮತೀರ್ಥದ ಗುಡ್ಡವನ್ನು ಹತ್ತಿಸಿದೆ. ಪಟವರ್ಧನ ಅರಸರ ಅರಮನೆಯ ಕಡೆಗಿನ ಆ ಏರಿನಲ್ಲಿ ಮೂರನೆಯ ಗೇರಿಗೆ ಬರುತ್ತಲೇ, ಬೆನ್ನಿನ ಹಿಂದಿನ ಅಂಗೈ ಹಿಂದಿರುಗಿ ಬಂದು ತನ್ನ ಸ್ಥಾನದಲ್ಲಿ ನೆಲೆಸಿತು. ಬೀಗರು ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ನಿದ್ರೆಯೆಂದು ನಾನು ತಿಳಿದಿದ್ದೆ, ಆಲಿಸುತ್ತಿದ್ದರು. ಮೇಲೆ ಮುಟ್ಟಿದ ಮೇಲೆ, "ಈಗ ಬಾಯಿ ಮುಚ್ಚೇತಿ," ಎಂದರು.

ಹರಿದ ಕೊಳವೆಯನ್ನು ನಾನು ಎಸೆಯಹೊರಟಾಗ ಅವರೇ ಬೇಡಿ ತೆಗೆದುಕೊಂಡರು. ಕಳೆದ ವಾರ ರಬಕವಿಗೆ ಹೋದಾಗ ನೋಡಿದೆ: ಅದನ್ನು ಬಳೆಬಳೆಯಾಗಿ ಕತ್ತರಿಸಿ, ಮಗ್ಗದ ಕೋಲು ಬಂದು ಬಡಿಯುವ ಜಾಗದಲ್ಲಿ ಮೆತ್ತೆ ಕೊಟ್ಟಿದ್ದಾರೆ. ತೊಗಲಿಗಿಂತ ಇದೇ ಬಾಳಿಕೆ ಬರುತ್ತಿದೆಯಂತೆ. ಇನ್ನೆರಡು ಮಗ್ಗಕ್ಕೆ ಸಾಲುವಷ್ಟು ಬೇಕಾಗಿದೆಯೆಂದೂ, ಗಾಡಿಯ ಇನ್ನೊಂದು ಕೊಳವೆ ಎಂದು ಹರಿಯಬಹುದೆಂದೂ ನನ್ನನ್ನು ವಿಚಾರಿಸಿದರು.